‘ಕದ್ದೋನು ನಾನಲ್ಲ, ತುಂಬಿಸಿಕೊಂಡೋನು ಅಷ್ಟೇ’

ಹಿರೇನಲ್ಲೂರಿನ ಮನೆಯೊಂದರಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಹಳೇ ನೋಕಿಯಾ 5310 ಎಕ್ಸ್‌ಪ್ರೆಸ್‌ಮ್ಯೂಸಿಕ್ ಸಿಕ್ಕಿತು. ಬ್ಯಾಟರಿ ಸತ್ತಿದ್ದರೂ ಬಾಯಿ ಬಿದ್ದಿರಲಿಲ್ಲ.

ಅಟ್ಟದ ವಾಸ ಹೇಗಿತ್ತು?

ಕೊಬ್ಬರಿಯೇ ವಾಸಿ ಸಾರ್. ಒಣಗಿದ ಮೇಲೆ ತಿಪಟೂರಿಗಾದರೂ ಹೋಗುತ್ತೆ. ನನ್ನನ್ನು ಕೇಳೋರೇ ಇಲ್ಲ.

ನಿಮ್ಮ ಹಿನ್ನೆಲೆ?

ಫಿನ್ಲೆಂಡಿನ ಮನೆತನ, ಹುಟ್ಟಿದ್ದು 2007. ದಪ್ಪ 9.9 ಮಿಲಿಮೀಟರ್, ತೂಕ ಬರೀ 71 ಗ್ರಾಂ. ಪರದೆಯ ಪಕ್ಕದಲ್ಲಿ ಹಾಡಿಗೆಂದೇ ಮೂರು ಗುಂಡಿ. ಫೋನ್ ಮಾಡೋಕೂ ಬರ್ತಿತ್ತು ಅನ್ನಿ, ಕರೆನ್ಸಿ ಇರ್ತಿರಲಿಲ್ಲ.

ಹಾಡುಗಳು ಎಲ್ಲಿಂದ ಬಂದವು?

ಕಡೂರಿಗೆ ಹೋಗಿ ಮೆಮೊರಿ ಕಾರ್ಡ್ ಕಿತ್ತು ಕೊಟ್ಟರೆ ಕಂಪ್ಯೂಟರಿಗೆ ಸಿಕ್ಕಿಸಿ ತುಂಬಿಸೋರು. ನನ್ನ ಸ್ವಂತ ಹೊಟ್ಟೆ 30 ಎಂಬಿ, ಕಾರ್ಡ್ ಹಾಕಿದರೆ 4 ಜಿಬಿ. 2006ರ ಕೊನೆಗೆ ‘ಮುಂಗಾರು ಮಳೆ’ ಬಂದಿತ್ತಲ್ಲ, ಮಳೆಯೇ ಬಾರದ ನಮ್ಮ ಸೀಮೆಯಲ್ಲಿ ಜೇಬೊಳಗೆ ಸುರಿದದ್ದೇ ಸುರಿದದ್ದು.

ಸಂಗೀತ ಕೊಟ್ಟ ಮನೋ ಮೂರ್ತಿಯವರಿಗೆ ಎಷ್ಟು ಸಂದಿತು?

ಹಲೋ... ಟವರ್ ಸಿಗ್ತಿಲ್ಲ ಸಾರ್... ಹಲೋ...

(ಸಿಮ್ಮೇ ಇಲ್ಲದವನಿಗೆ ಎಂಥ ಟವರ್? ಮತ್ತೆ ಕೇಳಿದೆ.)

ಬಿಡಿಗಾಸೂ ಇಲ್ಲ. ಆದರೆ ಕದ್ದೋನು ನಾನಲ್ಲ, ತುಂಬಿಸಿಕೊಂಡೋನು ಅಷ್ಟೇ.

ಬಸ್ಸಿನಲ್ಲಿ ಭಾರೀ ಅರಚುತ್ತಿದ್ದಿರಂತೆ?

ಇಯರ್‌ಫೋನಿಗೆಂದು 3.5 ಮಿಲಿಮೀಟರಿನ ತೂತು ಇತ್ತು, ಮಾಲೀಕರ ಕಣ್ಣಿಗೆ ಬೀಳಲಿಲ್ಲ. ಇಲ್ಲಿಂದ ಕಡೂರಿನ ತನಕ ಇಡೀ ಬಸ್ಸಿಗೆ ಪುಕ್ಕಟೆ ಕಚೇರಿ. ಈಗಿನ ಎಷ್ಟೋ ಫೋನುಗಳಿಗೆ ಆ ತೂತೂ ಇಲ್ಲ, ಇಟ್ಟುಕೊಂಡೋರಿಗೆ ನಾಚಿಕೆಯೂ ಇಲ್ಲ. ಲೋಕದ ಹಾಡೆಲ್ಲ ಒಳಗಿದೆ, ಪಲ್ಲವಿ ಮುಗಿಯೋಕೆ ಮುಂಚೆ ಬೆರಳು ಮೇಲಕ್ಕೆ ತಳ್ಳುತ್ತೆ. ನಾನಾದರೂ ಚರಣ ಮುಗಿಸ್ತಿದ್ದೆ.

2020ರಲ್ಲಿ ಮರುಜನ್ಮ ಆಯಿತಲ್ಲ?

ಹೆಸರು ನಂದು, ಪಕ್ಕದ ಕೆಂಪು ಪಟ್ಟಿ ನಂದು, ಬೆಲೆ 3,399 ರೂಪಾಯಿ. ಶ್ರೀಪೆರಂಬದೂರಿನ ನೋಕಿಯಾ ಕಾರ್ಖಾನೆಗೆ 2014ರಲ್ಲಿ ಬೀಗ ಬಿತ್ತು. ಮನೆ ಮುಳುಗಿದ ಮೇಲೆ ಮೊಮ್ಮಗನಿಗೆ ತಾತನ ಹೆಸರಿಟ್ಟು ಮಾರಿದರು.

ಕಾರ್ಡಿನಲ್ಲಿ ಈಗ ಏನಿದೆ?

ಕದಿಯದೇ ಇರೋದು ಒಂದೇ. ಮದುವೆ ಮನೇಲಿ ರೆಕಾರ್ಡರ್ ಒತ್ತಿ ಹಿಡಿದ ಅಜ್ಜಿಯ ಸೋಬಾನೆ ಪದ. ನಡುವೆ ತಟ್ಟೆ ಬೀಳುತ್ತೆ, ಯಾರೋ ‘ಎಲೆ ಹಾಕ್ರೋ’ ಅಂತ ಕೂಗ್ತಾರೆ, ಅಜ್ಜಿ ನಿಲ್ಲಿಸೋದಿಲ್ಲ. ಅದು ಯಾವ ಆ್ಯಪಿನಲ್ಲೂ ಸಿಗಲ್ಲ.

ಓದುಗರಿಗೆ ಏನು ಹೇಳ್ತೀರಿ?

ನಿಮ್ಮ ಅಟ್ಟದಲ್ಲೂ ನನ್ನಂಥೋನಿದ್ದರೆ ಬ್ಯಾಟರಿ ಉಬ್ಬಿದೆಯಾ ನೋಡಿ, ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ. ನನ್ನನ್ನು ಗುಜರಿಗೆ ಕೊಟ್ಟರೂ ಚಿಂತೆಯಿಲ್ಲ, ಕಾರ್ಡ್ ತೆಗೆದಿಟ್ಟುಕೊಳ್ಳಿ.