ಗಲಾಟೆ ಇಲ್ಲದ ಜಾಗ ಬೇಕು

ಹಾಸನದಲ್ಲಿ ಮನೆ ಹುಡುಕುವವರ ಮೊದಲ ಷರತ್ತು, ಗಲಾಟೆ ಇರಬಾರದು. ಎರಡನೆಯದು, ಬಸ್‌ಸ್ಟ್ಯಾಂಡು ಹತ್ತಿರ ಇರಬೇಕು. ಮೂರನೆಯದು, ತರಕಾರಿ ಗಾಡಿ ಬಾಗಿಲಿಗೇ ಬರಬೇಕು. ಮೂರೂ ಒಂದೇ ಬೀದಿಯಲ್ಲಿ ಸಿಗುವುದಿಲ್ಲವೆಂದು ಬ್ರೋಕರಿಗೆ ಗೊತ್ತು. ಆತ ತುಟಿ ಬಿಚ್ಚದೆ ಸ್ಕೂಟರ್ ಸ್ಟಾರ್ಟ್ ಮಾಡುತ್ತಾನೆ.

'ಬಡವರ ಊಟಿ' ಎನ್ನಿಸಿಕೊಂಡ ಊರು. ತಂಪು ಗಾಳಿ ಎಲ್ಲ ಬಡಾವಣೆಗೂ ಬಿಟ್ಟಿ. ಬಾಡಿಗೆ ಏರುವುದು ಬೇರೆ ಕಾರಣಕ್ಕೆ. ಸಾಲಗಾಮೆ ರಸ್ತೆಯನ್ನೇ ನೋಡಿ. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಈ ದಿಕ್ಕಿಗೆ ಹುಡುಗರನ್ನು ತಂದಿತು. 1982ರಲ್ಲಿ ಇಸ್ರೋದ ನಿಯಂತ್ರಣ ಕೇಂದ್ರ ಬಂತು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಅಲ್ಲಿ ಕೂತೇ ಹದ್ದುಬಸ್ತಿನಲ್ಲಿ ಇಡುತ್ತಾರೆ. ಮಹಡಿ ಮೇಲಿನ ಬ್ಯಾಚುಲರ್ ಹುಡುಗರನ್ನು ಹದ್ದುಬಸ್ತಿನಲ್ಲಿಡುವುದು ಮಾತ್ರ ಯಾವ ಓನರಿಗೂ ಆಗಿಲ್ಲ.

ಹಾಸನಾಂಬ ಗುಡಿಯ ಆಸುಪಾಸಿನ ಮನೆಗಳ ಕಥೆಯೇ ಬೇರೆ. ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಬಲಿಪಾಡ್ಯಮಿ ಆಗುವವರೆಗೆ ಕೆಲವೇ ದಿನ. ಆಗ ಆ ಮನೆಯವರಿಗೆ ತಮಗಿಷ್ಟು ನೆಂಟರಿದ್ದಾರೆಂಬುದು ತಿಳಿಯುತ್ತದೆ. ಮದುವೆಗೆ ಕರೆದಾಗ ಬಾರದವರೂ ಚೀಲ ಇಟ್ಟು, ಕಾಫಿ ಕುಡಿದು, "ನಿಮ್ಮ ಮನೆ ಎಷ್ಟು ಅನುಕೂಲದ ಜಾಗದಲ್ಲಿದೆ!" ಎನ್ನುತ್ತಾರೆ.

ಗಲಾಟೆಯೇ ಇಲ್ಲದ ಜಾಗ ಬೇಕೆಂದರೆ ರಿಂಗ್ ರಸ್ತೆಯ ಆಚೆ ಇದೆ. ಬಣ್ಣದ ಕಮಾನು, ಸಾಲಾಗಿ ನೆಟ್ಟ ಅಲಂಕಾರದ ಗಿಡ, 30x40 ಸೈಟು, ಕಂಬದ ಮೇಲೆ ಉರಿಯದ ದೀಪ. ಸಂಜೆ ಮೊಸರು ಮುಗಿದರೆ ಬೈಕ್ ತೆಗೆಯಬೇಕು.

ಇದೇ ಜಿಲ್ಲೆಯ ಹೊಳೆನರಸೀಪುರದ ಹಳೇ ಬೀದಿಗಳಿಗೆ ಕಮಾನಿಲ್ಲ, ಜಗಲಿಗಳಿವೆ. ಹೇಮಾವತಿ ಹೊಳೆಯ ಕಡೆಗೆ ಯಾರು ಹೋದರು, ಯಾರ ಮನೆ ಹುಡುಗ ಪರೀಕ್ಷೆ ದಿನವೇ ಚಕ್ಕರ್ ಹೊಡೆದ, ಎಲ್ಲವೂ ಅಲ್ಲಿ ದಾಖಲು. ನ್ಯೂಯಾರ್ಕಿನ ಜೇನ್ ಜೇಕಬ್ಸ್ ತಾನಿದ್ದ ಹಡ್ಸನ್ ಬೀದಿಯನ್ನು ನೋಡಿ, ಬೀದಿಯನ್ನು ಕಾಯುವುದು ಅಲ್ಲಿನವರ ಕಣ್ಣುಗಳೇ ಎಂದು 1961ರಲ್ಲಿ ಪುಸ್ತಕ ಬರೆದರು. ನಗರ ಯೋಜಕರು ಬೆಚ್ಚಿದರು. ಜಗಲಿಯ ಅಜ್ಜಿಯರಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಅರಕಲಗೂಡಿನಲ್ಲಿ ಜಾಗ ಆರಿಸುವ ತಲೆನೋವು ಕಡಿಮೆ. ಎಲ್ಲಿ ಮನೆ ಮಾಡಿದರೂ ಪೇಟೆ ನಡೆದು ಹೋಗುವಷ್ಟೇ ದೂರ.

ಚನ್ನರಾಯಪಟ್ಟಣದ್ದು ಹೆದ್ದಾರಿ ಮಹಿಮೆ. ರಾಷ್ಟ್ರೀಯ ಹೆದ್ದಾರಿ 75 ಮೊದಲೇ ಇತ್ತು. 2017ರಲ್ಲಿ ಬೆಂಗಳೂರಿಗೆ ನೇರ ರೈಲೂ ಬಂತು. ಸೈಟು ಮಾರುವವರು ಈಗ ದೂರ ಅಳೆಯುವುದು ಬೆಂಗಳೂರಿನಿಂದ, ಹಾಲಿನ ಡೇರಿಯಿಂದಲ್ಲ.

ಅಲ್ಲಿಯ ಮನೆಯೊಂದನ್ನು ನೋಡಲು ಬಂದ ಗಂಡ, ಮೊಬೈಲಿನ ದಿಕ್ಸೂಚಿ ಹಿಡಿದು ಈಶಾನ್ಯ ಹುಡುಕುತ್ತಿರುತ್ತಾನೆ. ಹೆಂಡತಿ ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದವರನ್ನು ಮಾತಿಗೆಳೆಯುತ್ತಾಳೆ.

"ನೀರು ಹೆಂಗೆ ಬಿಡ್ತಾರಕ್ಕ?"

"ದಿನ ಬಿಟ್ಟು ದಿನ ಕಣಮ್ಮ. ನೀವು ಊರಿಗೆ ಹೋದ್ರೆ ನಾವೇ ಹಿಡಿದಿಡ್ತೀವಿ ಬಿಡಿ."

ಪೂಜಾ ಕೋಣೆ ನೈಋತ್ಯದಲ್ಲೇ ಇತ್ತು. ಅಡ್ವಾನ್ಸ್ ಆವತ್ತೇ ಕೊಟ್ಟಾಯಿತು.