ಮ್ಯಾರಥಾನ್ ಮಾವ

ಮಾತು ಮಳೆಯಿಂದ ಶುರುವಾಗಲಿ, ಮಗಳ ಮದುವೆಯಿಂದ ಶುರುವಾಗಲಿ, ಮೂರೇ ವಾಕ್ಯದಲ್ಲಿ ಅದನ್ನು ತಮ್ಮ ಮಂಡಿಚಿಪ್ಪಿಗೆ ತಂದು ನಿಲ್ಲಿಸುವ ಗೃಹಸ್ಥರೊಬ್ಬರು ಈಗ ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ನಮ್ಮ ಬೀದಿಯ ಹುಡುಗರು ಅವರಿಗೆ ಇಟ್ಟ ಹೆಸರು ಮ್ಯಾರಥಾನ್ ಮಾವ. ವಯಸ್ಸು ಐವತ್ತರ ಆಸುಪಾಸು. ಉದ್ಯೋಗ ಯಾವುದೋ ಕಂಪನಿಯಲ್ಲಿ ಮ್ಯಾನೇಜರಿಕೆ. ಆದರೆ ಯಾರಾದರೂ ಏನು ಮಾಡಿಕೊಂಡಿದ್ದೀರಿ ಎಂದು ಕೇಳಿದರೆ ಅವರು ಹೇಳುವುದು ‘ರನ್ನರ್’ ಎಂದು.

ಮಾವ ಹುಡುಗನಾಗಿದ್ದಾಗ ಓಡಿದವರಲ್ಲ. ತಿಪಟೂರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಸೀಟಿ ಊದಿದಾಗಲೆಲ್ಲ ಇವರಿಗೆ ಹೊಟ್ಟೆನೋವು ಬರುತ್ತಿತ್ತು. ಆ ಕಾಲದಲ್ಲಿ ಓಟ ದಡ್ಡರ ಪಾಲಿಗೆ, ರ‍್ಯಾಂಕು ಬುದ್ಧಿವಂತರ ಪಾಲಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು, ಸಿಇಟಿಯಲ್ಲಿ ಎಷ್ಟನೆಯವ, ಆಫೀಸಿನಲ್ಲಿ ಯಾರಿಗಿಂತ ಮೇಲೆ, ಯಾರಿಗಿಂತ ಕೆಳಗೆ ಎಂದು ಪಟ್ಟಿಗಳಲ್ಲೇ ಬೆಳೆದ ಜೀವ. ನಲವತ್ತೈದು ದಾಟಿದ ಮೇಲೆ ಹೆಲ್ತ್ ಚೆಕಪ್ಪಿನ ಕಾಗದದಲ್ಲಿ ಸಕ್ಕರೆಯ ಎದುರು ‘ಬಾರ್ಡರ್‌ಲೈನ್’ ಎಂದು ಬರೆದು ಬಂತು. ಮಾವ ಶೂ ಕೊಂಡರು. ಓಟದಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ವೇದಾಂತ: ‘ಇಲ್ಲಿ ಯಾರ ಜೊತೆಗೂ ಪೈಪೋಟಿ ಇಲ್ಲ. ನನ್ನ ಸ್ಪರ್ಧೆ ನನ್ನ ಜೊತೆಗೇ.’

ಈ ಮಾತನ್ನು ದಿನಕ್ಕೊಮ್ಮೆಯಾದರೂ ಆಡುತ್ತಾರೆ. ಆಡಿದ ಮೇಲೆ ಫೋನು ತೆಗೆದು, ಎದುರುಮನೆಯವರು ಬೆಳಿಗ್ಗೆ ಕಿಲೋಮೀಟರಿಗೆ ಎಷ್ಟು ನಿಮಿಷದಂತೆ ಓಡಿದರು ಎಂದು ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನಲ್ಲಿ ನೋಡುತ್ತಾರೆ. ಎದುರುಮನೆಯವರ ಪೇಸು ತಮ್ಮದಕ್ಕಿಂತ ಹತ್ತು ಸೆಕೆಂಡು ಚೆನ್ನಾಗಿದ್ದರೆ ಅವತ್ತು ಉಪ್ಪಿಟ್ಟಿಗೆ ಉಪ್ಪು ಕಡಿಮೆ. ‘ಸಿಗ್ನಲ್‌ನಲ್ಲಿ ವಾಚ್ ನಿಲ್ಲಿಸ್ಕೊಂಡಿರ್ತಾರೆ ಬಿಡು’ ಎಂದು ಗೊಣಗಿದ ಮೇಲೆಯೇ ಎರಡನೇ ತುತ್ತು ಇಳಿಯುವುದು.

ಭಾನುವಾರ ‘ಲಾಂಗ್ ರನ್’. ಬೆಳಗಿನ ನಾಲ್ಕಕ್ಕೆ ಅಲಾರಾಂ ಹೊಡೆಯುತ್ತದೆ, ಅತ್ತೆ ಏಳುತ್ತಾರೆ, ಆಮೇಲೆ ಅತ್ತೆ ಮಾವನನ್ನು ಎಬ್ಬಿಸುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಇಂಥವರ ದಂಡೇ ಸೇರುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿದರೆ ಎಪ್ಪತ್ತು ಕಿಲೋ ತೂಕದವರಿಗೆ ಸುಮಾರು 1,400 ಕ್ಯಾಲೊರಿ ಖರ್ಚು. ಆ ಖರ್ಚಿನ ರಸೀದಿ ಹಿಡಿದುಕೊಂಡು ದಂಡು ನೇರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಹಾಜರು. 1943ರಿಂದ ಅಲ್ಲಿ ಎಷ್ಟೋ ಜನ ಬರಿಯ ಹಸಿವಿಗೆ ಮಸಾಲೆ ದೋಸೆ ತಿಂದು ಹೋಗಿದ್ದಾರೆ. ಮಾವನವರು ತಿನ್ನುವುದು ‘ರಿಕವರಿ’ಗೆ. ಎರಡನೆಯದು ಸ್ನಾಯುಗಳಿಗೆ.

ಮನೆಯ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಪಂಕ್ತಿಯಲ್ಲಿ ಅವರ ಪಕ್ಕ ಕೂತವರಿಗೆ ಇತಿಹಾಸ ಪಾಠ ತಪ್ಪಿದ್ದಲ್ಲ. ‘ಮ್ಯಾರಥಾನ್ ಅಂದ್ರೆ ಎಷ್ಟು ದೂರ ಗೊತ್ತಾ? 42 ಕಿಲೋಮೀಟರ್ ಅಲ್ಲ, 42.195. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆ ಹತ್ರ ಶುರುವಾದ ಓಟ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೇನೇ ಮುಗೀಬೇಕಾಗಿತ್ತು. ಆ ಅಳತೆಯನ್ನೇ 1921ರಲ್ಲಿ ಖಾಯಂ ಮಾಡಿದ್ರು.’ ಒಮ್ಮೆ ಬಡಿಸುತ್ತಿದ್ದ ಅತ್ತೆ ಹುಳಿಯ ಸೌಟು ಎತ್ತಿಹಿಡಿದು ಕೇಳಿದರು: ‘ರೀ, ಅವರು ಎದ್ದು ನಾಲ್ಕು ಹೆಜ್ಜೆ ಈಚೆಗೆ ಬಂದು ಕೂತಿದ್ರೆ ಆಗ್ತಿರಲಿಲ್ವೇ?’

ಮನೆಯ ಅಡುಗೆಗೂ ಈ ಓಟಕ್ಕೂ ಇರುವ ಸಂಬಂಧ ಸಣ್ಣದಲ್ಲ. ಆರು ತಿಂಗಳಿಂದ ಅನ್ನ ಬಂದ್. ರಾತ್ರಿಯ ತಟ್ಟೆಯಲ್ಲಿ ಸೌತೆಕಾಯಿ, ಮೊಳಕೆ ಹೆಸರುಕಾಳು. ಇಂಥವರು ಓಟಕ್ಕೆ ಮೂರು ದಿನ ಇದೆ ಎನ್ನುವಾಗ ಇದ್ದಕ್ಕಿದ್ದಂತೆ ‘ಕಾರ್ಬ್ ಲೋಡಿಂಗ್’ ಎಂದು ಘೋಷಿಸಿ, ಕುಕ್ಕರಿನ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಮೈಯಲ್ಲಿ ಗ್ಲೈಕೋಜನ್ ಕೂಡಿಡಬೇಕಂತೆ. ಮೂವತ್ತು ಕಿಲೋಮೀಟರ್ ಹೊತ್ತಿಗೆ ಅದು ಖಾಲಿಯಾಗಿ ಕಾಲು ಮುಷ್ಕರ ಹೂಡುತ್ತದಂತೆ, ಅದಕ್ಕೆ ‘ವಾಲ್’ ಅಂತ ಹೆಸರಂತೆ. ‘ಅನ್ನ ತಿನ್ನಿ ಅಂತ ನಾನು ಇಷ್ಟು ದಿನ ಬಡ್ಕೊಂಡಿದ್ದು ಕೇಳಿಸ್ಲಿಲ್ಲ. ಇಂಗ್ಲಿಷಲ್ಲಿ ಹೇಳಿದ್ಮೇಲೆ ಕೇಳಿಸ್ತು’ ಎನ್ನುತ್ತಾರೆ ಅತ್ತೆ.

ಈ ಸಲದ ಗುರಿ ಮುಂಬೈ. 2004ರಲ್ಲಿ ಶುರುವಾದ, ಜನವರಿಯ ಮೂರನೇ ಭಾನುವಾರ ನಡೆಯುವ ಆ ಮ್ಯಾರಥಾನ್ ಓಡದೆ ಇದ್ದರೆ ರನ್ನರುಗಳ ನಡುವೆ ಮುಖವೆತ್ತಿ ನಡೆಯುವ ಹಾಗಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಓಟ ಶುರುವಾಗುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೇ ತಂದು ಇಳಿಸುತ್ತದೆ. ಆದರೆ ಅಷ್ಟು ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆಂದು ಮಾವ ವಿಮಾನದಲ್ಲಿ ಹೋದರು. ಹಿಂದಿನ ದಿನ ಮಧ್ಯಾಹ್ನ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಬಾಳೆಲೆ ಊಟ. ಮೂರನೇ ಸಲ ಅನ್ನ ಹಾಕಿಸಿಕೊಳ್ಳುವಾಗ ಬಡಿಸುವವರು ಕನ್ನಡದಲ್ಲೇ ‘ಊರಿಂದ ಈಗಷ್ಟೇ ಬಂದ್ರಾ?’ ಎಂದು ಅಂತಃಕರಣದಿಂದ ವಿಚಾರಿಸಿದರಂತೆ.

ಆ ರಾತ್ರಿ ಉಳಿದುಕೊಂಡದ್ದು ಮುಲುಂಡಿನ ತಂಗಿಯ ಮನೆಯಲ್ಲಿ. ರನ್ನರುಗಳಲ್ಲಿ ಒಂದು ಶಾಸ್ತ್ರವಿದೆ: ಮರುದಿನ ತೊಡುವುದನ್ನೆಲ್ಲ ಹಾಸಿಗೆಯ ಮೇಲೆ ಜೋಡಿಸಿ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಮಾವ ಟೋಪಿ ಇಟ್ಟರು, ಅದರ ಕೆಳಗೆ ಬನಿಯನ್ನು, ಬನಿಯನ್ನಿಗೆ ನಾಲ್ಕು ಸೇಫ್ಟಿ ಪಿನ್ನಿನಲ್ಲಿ ಬಿಬ್ ನಂಬರು. ಪಿನ್ನು ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಚುಚ್ಚಿದರು. ಕೆಳಗೆ ಚಡ್ಡಿ, ಅದರ ಪಕ್ಕ ಐದು ಎನರ್ಜಿ ಜೆಲ್ಲು, ತೊಡೆಸಂದಿಗೆ ವ್ಯಾಸಲೀನ್ ಡಬ್ಬಿ, ಕಾಲುಚೀಲ, ಕೊನೆಗೆ ಇಪ್ಪತ್ತು ಸಾವಿರ ಚಿಲ್ಲರೆಯ ಕಾರ್ಬನ್ ಪ್ಲೇಟ್ ಶೂ. ಮಲಗಲು ಬಂದ ತಂಗಿಯ ಮಗಳು ದೀಪ ಹಾಕಿ, ಮಾಮ ಆವಿಯಾಗಿ ಹೋದಂತೆ ಬಿದ್ದಿದ್ದ ಆ ಬಟ್ಟೆಬರೆ ಕಂಡು ಕಿಟಾರನೆ ಕಿರುಚಿತು.

ಬೆಳಗಿನ ಐದರ ಸುಮಾರಿಗೆ ಓಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ಜನವರಿಯಲ್ಲಿ ಸ್ವೆಟರ್ ಬೇಡುವ ಊರಿನಲ್ಲಿ ತಯಾರಾದ ಮೈ, ಮರೀನ್ ಡ್ರೈವ್ ತಲುಪುವಷ್ಟರಲ್ಲಿ ತೊಪ್ಪೆಯಾಯಿತು. ಮಾವನ ಗುರಿ ‘ಸಬ್ ಫೈವ್’, ಅಂದರೆ ಐದು ಗಂಟೆಯ ಒಳಗೆ. ಅದಕ್ಕೆಂದೇ ‘5:00’ ಎಂದು ಬರೆದ ಬಾವುಟ ಹೊತ್ತು ಒಬ್ಬ ಪೇಸರ್ ಓಡುತ್ತಾನೆ. ಅವನ ಹಿಂದೆ ಓಡುವ ಗುಂಪಿಗೆ ರನ್ನರುಗಳು ‘ಬಸ್ಸು’ ಎನ್ನುತ್ತಾರೆ. ಬಾಂದ್ರಾ–ವರ್ಲಿ ಸೀಲಿಂಕ್ ಬಂದಾಗ ಮಾವ ಬಸ್ಸಿನಲ್ಲೇ ಇದ್ದರು. ಆದರೆ ಉಳಿದ ದಿನಗಳಲ್ಲಿ ನಡೆಯುವವರಿಗೆ ಪ್ರವೇಶವಿಲ್ಲದ ಸೇತುವೆ ಅದು, ಸೂರ್ಯ ಬೇರೆ ಹುಟ್ಟುವ ಹೊತ್ತು. ಒಂದು ಸೆಲ್ಫಿ ತೆಗೆದರು, ಕಣ್ಣು ಮುಚ್ಚಿದ್ದರಿಂದ ಇನ್ನೊಂದು ತೆಗೆದರು. ತಲೆಯೆತ್ತಿದರೆ ಬಾವುಟ ದೂರದಲ್ಲಿ. ಬಿಎಂಟಿಸಿಯಾಗಿದ್ದರೆ ಹಿಂದೆ ಇನ್ನೊಂದು ಬರುತ್ತಿತ್ತು.

ಆಮೇಲಿನದು ರಸ್ತೆ ಬದಿಯ ಜನರ ಕೃಪೆ. ಮುಂಬೈಯವರು ಮನೆಯಿಂದ ಇಳಿದುಬಂದು ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು, ಚಿಕ್ಕಿ ಹಂಚುತ್ತಾರೆ, ನೋವಿಗೆ ಸ್ಪ್ರೇ ಹೊಡೆಯುತ್ತಾರೆ. ಅವರಲ್ಲಿ ಒಂದೇ ದೋಷ: ಅರ್ಧ ದಾರಿ ಕಳೆದಲ್ಲಿಂದ ಎಲ್ಲರೂ ‘ಇನ್ನು ಸ್ವಲ್ಪವೇ ದೂರ’ ಎನ್ನುತ್ತಾರೆ. ಕೊನೆಯ ಹಂತದಲ್ಲಿ, ಗ್ಲೈಕೋಜನ್ ತೀರಿ ಮಾಟುಂಗದ ಅನ್ನವೂ ಕೈಬಿಟ್ಟ ಮೇಲೆ, ಪೆಡ್ಡರ್ ರಸ್ತೆಯ ಏರು ಎದುರಾಯಿತು. ಅಲ್ಲಿ ಆರೇಳು ವರ್ಷದ ಪುಟ್ಟ ಹುಡುಗನೊಬ್ಬ ಕಿತ್ತಳೆ ಕೊಟ್ಟು, ಬೇಕೆಂದರೆ ಕೂತುಕೊಳ್ಳಿ ಎಂದು ತನ್ನ ಪ್ಲಾಸ್ಟಿಕ್ ಸ್ಟೂಲನ್ನೂ ತೋರಿಸಿದನಂತೆ. ಮಾವ ಕೂರಲಿಲ್ಲ. ಕೂತರೆ ಏಳುವ ಭರವಸೆ ಇರಲಿಲ್ಲ.

ಮುಗಿಸಿದಾಗ 5 ಗಂಟೆ 3 ನಿಮಿಷ. ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟುಮ್ 2023ರಲ್ಲಿ ಶಿಕಾಗೋದಲ್ಲಿ ಇದೇ ದೂರವನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದ್ದ. ಆ ಮೂರು ಗಂಟೆಯ ಅಂತರ ಮಾವನನ್ನು ಒಂದಿಷ್ಟೂ ಬಾಧಿಸಿಲ್ಲ. ಬಾಧಿಸುತ್ತಿರುವುದು ಈ ಮೂರು ನಿಮಿಷ. ಅದಕ್ಕೂ ಅವರ ಬಳಿ ಲೆಕ್ಕವಿದೆ. ಮ್ಯಾರಥಾನ್ ದಾರಿಯನ್ನು ಅಳೆಯುವುದು ತಿರುವುಗಳಲ್ಲಿ ಅಂಚು ಹಿಡಿದು ಹೋಗುವ ಅತಿ ಹತ್ತಿರದ ಗೆರೆಯಲ್ಲಿ. ಜಂಗುಳಿಯಲ್ಲಿ ಅಡ್ಡಾದಿಡ್ಡಿ ಓಡುವವರಿಗೆ ದಾರಿ ಉದ್ದವಾಗುತ್ತದೆ. ಮಾವನ ವಾಚು ತೋರಿಸಿದ್ದು 42.8 ಕಿಲೋಮೀಟರ್. ‘ಅಂದ್ರೆ ನ್ಯಾಯವಾಗಿ 42.195 ಆದಾಗ ನಂದು 4 ಗಂಟೆ 58 ನಿಮಿಷ!’ ಆಫೀಸಿನಲ್ಲಿ ಯಾರೂ ಕೇಳದಿದ್ದರೂ ಇದನ್ನು ಎಕ್ಸೆಲ್ ಹಾಳೆಯಲ್ಲಿ ಮಾಡಿಟ್ಟುಕೊಂಡಿದ್ದಾರೆ. ವಯೋವರ್ಗದ ಪಟ್ಟಿಯಲ್ಲಿ ತಮ್ಮ ಸ್ಥಾನ ಎಲ್ಲಿ, ಎದುರುಮನೆಯವರ ಸ್ಥಾನ ಎಲ್ಲಿ ಎಂಬುದಕ್ಕೆ ಇನ್ನೊಂದು ಹಾಳೆ. ಸಿಇಟಿ ಬರೆದ ಹುಡುಗ ಎಲ್ಲಿಗೂ ಹೋಗಿಲ್ಲ, ಶೂ ಹಾಕಿಕೊಂಡಿದ್ದಾನೆ ಅಷ್ಟೆ.

ವಾಪಸಾಗುವ ದಿನ ವಿಮಾನ ನಿಲ್ದಾಣದ ತುಂಬ ಇವರದೇ ಜಾತಿಯವರು. ಎಲ್ಲರ ಮೈಮೇಲೂ ಫಿನಿಷರ್ ಟೀ ಶರ್ಟು, ಎಲ್ಲರದೂ ಕುಂಟು. ತಪಾಸಣೆಯಲ್ಲಿ ಮೆಡಲನ್ನು ಕೊರಳಿಂದ ತೆಗೆದು ಟ್ರೇಗೆ ಹಾಕುವಾಗ ಮಾವ, ಅದು ಏನೆಂದು ಸಿಬ್ಬಂದಿ ಕೇಳಲಿ ಎಂದು ಎರಡು ಕ್ಷಣ ಕಾದರಂತೆ. ಮನೆಗೆ ಬಂದ ಮೇಲೆ ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರು.

ಮೂರನೆಯ ದಿನ ತಿಪಟೂರಿನಿಂದ ಅವರ ಅಮ್ಮ ಫೋನು ಮಾಡಿದರು. ಅಜ್ಜಿಗೆ ಕಿವಿ ಮಂದ, ಅದಕ್ಕೇ ಸ್ಪೀಕರ್ ಹಾಕಿ ಮಾತಾಡುವುದು, ಅದಕ್ಕೇ ಬೀದಿಗೆಲ್ಲ ಕೇಳಿಸಿದ್ದು.

‘ಎಷ್ಟನೆಯೋನಾಗಿ ಬಂದ್ಯೋ?’

‘ಅಮ್ಮ, ಇದ್ರಲ್ಲಿ ಹಾಗೆಲ್ಲ ಇರಲ್ಲ. ನನ್ನ ಸ್ಪರ್ಧೆ ನನ್ನ ಜೊತೆಗೇ.’

‘ಸರಿ, ಹಾಗಾದ್ರೆ ನಿಮ್ಮಿಬ್ರಲ್ಲಿ ಗೆದ್ದೋರು ಯಾರು?’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ನಿಮಿಷದಲ್ಲಿ ಹೋಯ್ತಮ್ಮ’ ಎಂದರು.

‘ಅಷ್ಟೇನಾ? ಅದಕ್ಯಾಕೆ ಬೇಜಾರು ಮಾಡ್ಕೋತೀಯೋ. ಮುಂದಿನ ಸಲ ಮನೆಯಿಂದ ಒಂದೈದು ನಿಮಿಷ ಮುಂಚೆ ಹೊರಟ್ಬಿಡು.’