ಉತ್ತರಕುಮಾರನ ವಿದೇಶಾಂಗ ನೀತಿ

ಪರದೇಶದ ಜಗಳಕ್ಕೆ ಅಮೆರಿಕ ಸೈನ್ಯ ಕಳಿಸಬೇಕೋ ಬೇಡವೋ ಎಂಬ ವಾದಕ್ಕೆ ಹೆಚ್ಚುಕಡಿಮೆ ಆ ದೇಶದಷ್ಟೇ ವಯಸ್ಸು. ಈ ವಾದವನ್ನೇ ಕಸುಬು ಮಾಡಿಕೊಂಡವನು ವಾಷಿಂಗ್ಟನ್ ನಗರದಲ್ಲಿ ಧಾರಾಳವಾಗಿ ಸಿಗುತ್ತಾನೆ. ವಿದೇಶಾಂಗ ನೀತಿ ತಜ್ಞ ಎಂದು ಅವನಿಗೆ ಅಲ್ಲಿ ಹೆಸರು. ಅವನ ಮಾತು ಕೇಳಿದ ಕನ್ನಡಿಗನಿಗೆ ಉತ್ತರಕುಮಾರ ನೆನಪಾದರೆ ತಪ್ಪಿಲ್ಲ. ಆದರೆ ವಿರಾಟರಾಯನ ಮಗ ಹೆದರಿ ನಡುಗುತ್ತಲಾದರೂ ರಥ ಹತ್ತಿದ, ಕೌರವ ಸೇನೆಯನ್ನು ಕಣ್ಣಾರೆ ಕಂಡ. ಈತ ಹತ್ತುವುದು ಟ್ಯಾಕ್ಸಿ, ಇಳಿಯುವುದು ಟೀವಿ ಸ್ಟುಡಿಯೋ ಮುಂದೆ.

ಇವನು ಹೆಚ್ಚಾಗಿ ಕಾಣಸಿಗುವುದು ಮ್ಯಾಸಚೂಸೆಟ್ಸ್ ಅವೆನ್ಯೂದಲ್ಲಿ. ಬ್ರೂಕಿಂಗ್ಸ್, ಕಾರ್ನೆಗಿ, ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಎಂಬ ಚಿಂತನ ಸಂಸ್ಥೆಗಳು ಅಲ್ಲಿ ಕೂಗಳತೆಯಲ್ಲಿವೆ. ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿ 1910ರಲ್ಲಿ ಒಂದು ಕೋಟಿ ಡಾಲರ್ ಇಟ್ಟು ತನ್ನ ಹೆಸರಿನ ಸಂಸ್ಥೆಯನ್ನು ಹುಟ್ಟುಹಾಕಿದ್ದು ಯುದ್ಧವನ್ನೇ ನಿರ್ಮೂಲ ಮಾಡಲೆಂದು. ಆ ಕೆಲಸ ಮುಗಿದ ಮೇಲೆ ಹಣವನ್ನು ಅದರ ನಂತರದ ದೊಡ್ಡ ಕೆಡುಕಿನ ನಿವಾರಣೆಗೆ ಬಳಸಬೇಕೆಂದೂ ಆತ ಧರ್ಮದರ್ಶಿಗಳಿಗೆ ಬರೆದಿಟ್ಟ. ಎರಡನೆಯ ಕೆಡುಕಿನ ಸರದಿ ಇನ್ನೂ ಬಂದಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಇಂಥದೊಂದು ಕಟ್ಟಡದಲ್ಲಿ ಗೋಷ್ಠಿ ಶುರುವಾಗುತ್ತದೆ. ಬಾಗಿಲಲ್ಲಿ ಹೆಸರಿನ ಚೀಟಿ, ಪಕ್ಕದ ಮೇಜಿನಲ್ಲಿ ಪುಕ್ಕಟೆ ಸ್ಯಾಂಡ್‌ವಿಚ್. ವೇದಿಕೆಯ ಮೇಲೆ ನಾಲ್ಕು ಕುರ್ಚಿ, ನಾಲ್ಕು ನೀರಿನ ಲೋಟ, ಹಿಂದೆ ಒಂದು ಭೂಪಟ. ನಿರೂಪಕ ಎದ್ದು, ದಯವಿಟ್ಟು ಪ್ರಶ್ನೆ ಮಾತ್ರ ಕೇಳಿ, ಭಾಷಣ ಬೇಡ ಎಂದು ಕೈಮುಗಿಯುವಷ್ಟು ದೈನ್ಯದಿಂದ ಹೇಳುತ್ತಾನೆ. ಮೊದಲು ಮೈಕ್ ಹಿಡಿದವನು, ನನ್ನದು ಪ್ರಶ್ನೆಗಿಂತ ಹೆಚ್ಚಾಗಿ ಒಂದು ಅನಿಸಿಕೆ ಎಂದೇ ಆರಂಭಿಸುತ್ತಾನೆ. ಅವನ ಅನಿಸಿಕೆ ಬರ್ಲಿನ್ ಗೋಡೆಯ ತನಕ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಎರಡನೆಯ ಸ್ಯಾಂಡ್‌ವಿಚ್‌ಗೆ ಎದ್ದಿರುತ್ತಾರೆ. ಒಂದೂವರೆಗೆ ಸಭೆ ಮುಗಿಯುತ್ತದೆ. ಅಷ್ಟರೊಳಗೆ ಭೂಪಟದ ಮೇಲಿನ ಯಾವುದೋ ದೇಶದಲ್ಲಿ ಹಾರಾಟ ನಿಷೇಧ ವಲಯ ಸ್ಥಾಪಿತವಾಗಿ, ಸರ್ವಾಧಿಕಾರಿ ಪದಚ್ಯುತನಾಗಿ, ಚುನಾವಣೆಯೂ ನಡೆದಿರುತ್ತದೆ.

ತಜ್ಞರಲ್ಲಿ ಎರಡು ಬಣ. ಒಂದು ‘ನುಗ್ಗೋಣ’ ಬಣ, ಇನ್ನೊಂದು ‘ನಮಗ್ಯಾಕೆ’ ಬಣ. ಇವೆರಡರ ಶಬ್ದಭಂಡಾರ ಬೇರೆ ಬೇರೆ. ನುಗ್ಗೋಣ ಬಣದವನು ಯಾವ ದೇಶದ ಮಾತು ಬಂದರೂ 1938ರ ಮ್ಯೂನಿಕ್ ಒಪ್ಪಂದ ಎತ್ತುತ್ತಾನೆ. ಅವನ ಲೆಕ್ಕದಲ್ಲಿ ಪ್ರತಿ ಸರ್ವಾಧಿಕಾರಿಯೂ ಹಿಟ್ಲರ್, ರಾಜಿ ಎಂದವನೆಲ್ಲ ಚೇಂಬರ್‌ಲೇನ್. ನಮಗ್ಯಾಕೆ ಬಣದವನು ಅದೇ ದೇಶಕ್ಕೆ ವಿಯೆಟ್ನಾಂ ಎನ್ನುತ್ತಾನೆ. ಮರಳುಗಾಡಾದರೂ ಸರಿ, ಹಿಮಪ್ರದೇಶವಾದರೂ ಸರಿ, ಅವನಿಗೆ ಅಲ್ಲಿ ಕೆಸರೇ ಕಾಣುವುದು. ಆ ದೇಶದ ಸ್ವಂತ ಚರಿತ್ರೆ ಏನು ಎಂದು ಕೇಳುವವನಿಗೆ ಮೈಕ್ ತಲುಪುವ ಹೊತ್ತಿಗೆ ಸಮಯ ಮೀರಿರುತ್ತದೆ.

ನಮಗ್ಯಾಕೆ ಬಣಕ್ಕೆ ಪೂರ್ವಜರ ಬಲ ಹೆಚ್ಚು. ಪರರಾಷ್ಟ್ರಗಳ ಜೊತೆ ತೊಡಕಿನ ಮೈತ್ರಿ ಬೇಡವೆಂದು ಜಾರ್ಜ್ ವಾಷಿಂಗ್ಟನ್ ಹೇಳಿದ್ದಾನೆ ಎಂದು ಈ ಬಣದವನು ಎದೆ ತಟ್ಟಿ ಸಾರುತ್ತಾನೆ. 1796ರ ವಿದಾಯ ಸಂದೇಶದಲ್ಲಿ ವಾಷಿಂಗ್ಟನ್ ಶಾಶ್ವತ ಮೈತ್ರಿಗಳ ಬಗ್ಗೆ ಎಚ್ಚರಿಸಿದ್ದು ನಿಜ. ಅದನ್ನೂ ಭಾಷಣ ಮಾಡಲಿಲ್ಲ, ಪತ್ರಿಕೆಗೆ ಕೊಟ್ಟು ಅಚ್ಚು ಹಾಕಿಸಿದ. ತೊಡಕಿನ ಮೈತ್ರಿಯ ಮಾತು 1801ರಲ್ಲಿ ಅಧಿಕಾರ ವಹಿಸಿಕೊಂಡ ಥಾಮಸ್ ಜೆಫರ್‌ಸನ್‌ನದು. ಅದೇ ಜೆಫರ್‌ಸನ್ ಅದೇ ವರ್ಷ ಟ್ರಿಪೊಲಿಯ ಕಡಲುಗಳ್ಳರ ವಿರುದ್ಧ ಮೆಡಿಟರೇನಿಯನ್ ಸಮುದ್ರಕ್ಕೆ ಯುದ್ಧನೌಕೆಗಳನ್ನು ಕಳಿಸಿದ. ಎರಡು ಬಣಕ್ಕೂ ಒಬ್ಬನೇ ಮೂಲಪುರುಷ ಸಿಕ್ಕಿದ ಅನುಕೂಲ ಬೇರೆ ದೇಶಗಳಿಗೆ ಇಲ್ಲ.

ಇಷ್ಟಾದರೂ ಬಣ ಎನ್ನುವುದು ಈ ತಜ್ಞನಿಗೆ ಹುಟ್ಟಿನಿಂದ ಅಂಟಿದ್ದಲ್ಲ. ಶ್ವೇತಭವನದಲ್ಲಿ ತನ್ನ ಪಕ್ಷದವರು ಇದ್ದರೆ ಅವನು ನುಗ್ಗೋಣ, ಎದುರು ಪಕ್ಷದವರು ಇದ್ದರೆ ನಮಗ್ಯಾಕೆ. ಇದು ಅವನ ಮುಖ್ಯ ಲಕ್ಷಣ, ಮಿಕ್ಕದ್ದೆಲ್ಲ ಉಪಲಕ್ಷಣ. 1999ರಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಕೊಸೊವೊಗಾಗಿ ಯುಗೋಸ್ಲಾವಿಯಾದ ಮೇಲೆ ಬಾಂಬ್ ಹಾಕಿಸುತ್ತಿದ್ದಾಗ, ಅದನ್ನು ಬೆಂಬಲಿಸುವ ನಿರ್ಣಯಕ್ಕೆ ಕೆಳಮನೆಯಲ್ಲಿ 213 ಪರ, 213 ವಿರೋಧ ಬಿದ್ದು ನಿರ್ಣಯವೇ ಸತ್ತಿತು. ಬಾಂಬ್ ದಾಳಿ ಮಾತ್ರ ಒಟ್ಟು 78 ದಿನ ನಡೆಯಿತು. ಪರರ ರಾಷ್ಟ್ರ ಕಟ್ಟುವ ಉಸಾಬರಿ ನಮ್ಮ ಸೈನ್ಯಕ್ಕೆ ಬೇಡ ಎಂದು 2000ದ ಚುನಾವಣೆಯಲ್ಲಿ ಹೇಳಿದವರು ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್. ಮೂರು ವರ್ಷದೊಳಗೆ ಅವರ ಸೈನ್ಯ ಕಾಬೂಲ್, ಬಾಗ್ದಾದ್ ಎರಡರಲ್ಲೂ ಅದೇ ಉಸಾಬರಿಯಲ್ಲಿತ್ತು. ಕೊಸೊವೊ ನಮಗ್ಯಾಕೆ ಎಂದಿದ್ದವರಲ್ಲಿ ಬಹಳ ಮಂದಿ ಈಗ ಮೇಜು ಕುಟ್ಟಿದರು.

ಇನ್ನೊಂದು ಪಕ್ಷದವರಿಗೂ ಈ ಕಲೆ ಗೊತ್ತು. ಅಧ್ಯಕ್ಷ ತನ್ನಿಷ್ಟಕ್ಕೆ ಯುದ್ಧ ನಡೆಸಬಾರದೆಂದು 1973ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತ್ತು. ಅನುಮತಿ ಸಿಗದಿದ್ದರೆ 60 ದಿನಕ್ಕೆ ಹೋರಾಟ ನಿಲ್ಲಿಸಬೇಕು. 2011ರಲ್ಲಿ ಲಿಬಿಯಾ ದಾಳಿಗೆ 60 ದಿನ ಮೀರಿತು. ಲಿಬಿಯಾದಲ್ಲಿ ನಡೆಯುತ್ತಿರುವುದು ಆ ಕಾಯ್ದೆ ಹೇಳುವಂಥ ‘ಹೋರಾಟ’ವೇ ಅಲ್ಲ ಎಂದು ಒಬಾಮ ಸರ್ಕಾರದ ಪರವಾಗಿ ಸೆನೆಟ್ ಸಮಿತಿಯ ಮುಂದೆ ವಾದಿಸಿದವರು ಹೆರಾಲ್ಡ್ ಕೋ. ಅಧ್ಯಕ್ಷರ ಯುದ್ಧಾಧಿಕಾರಕ್ಕೆ ಅಂಕುಶ ಇರಬೇಕೆಂದು ಗ್ರಂಥ ಬರೆದು ಹೆಸರಾದ ಯೇಲ್ ಪ್ರಾಧ್ಯಾಪಕರೂ ಅವರೇ.

ಪಂಡಿತರನ್ನು ಬಿಟ್ಟು ಅನುಯಾಯಿಗಳನ್ನು ನೋಡಿದರೆ ಚಿತ್ರ ಇನ್ನೂ ಸ್ವಾರಸ್ಯವಾಗಿದೆ. ಸಿರಿಯಾದ ಅಸಾದ್ ರಾಸಾಯನಿಕ ಅಸ್ತ್ರ ಬಳಸಿದ್ದಕ್ಕೆ ಕ್ಷಿಪಣಿ ಹಾರಿಸಬೇಕೇ ಎಂದು ವಾಷಿಂಗ್ಟನ್ ಪೋಸ್ಟ್ ಮತ್ತು ಎಬಿಸಿ 2013ರಲ್ಲಿ ಕೇಳಿದಾಗ ರಿಪಬ್ಲಿಕನ್ನರಲ್ಲಿ ಶೇ. 22 ಮಂದಿ ಹೂಂ ಎಂದರು; ಆಗ ಅಧ್ಯಕ್ಷ ಒಬಾಮ. 2017ರಲ್ಲಿ ಟ್ರಂಪ್ 59 ಟೊಮಾಹಾಕ್ ಕ್ಷಿಪಣಿ ಹಾರಿಸಿದಾಗ ಹೂಂ ಎಂದವರು ಶೇ. 86. ಅಸಾದ್ ಅವನೇ, ಅಸ್ತ್ರ ಅದೇ ಜಾತಿಯದು. ಡೆಮಾಕ್ರಟರು ಮಾತ್ರ ಈ ಸಲ 38ರಿಂದ 37ಕ್ಕಷ್ಟೇ ಇಳಿದು ಒಂದಿಷ್ಟು ಮರ್ಯಾದೆ ಉಳಿಸಿಕೊಂಡರು.

ಪಕ್ಷ ನೋಡದೆ ನಿಂತವರು ಅಪರೂಪ, ಅವರ ಪಾಡೂ ಸುಖದ್ದಲ್ಲ. ಮೊಂಟಾನಾದ ಸಂಸದೆ ಜನೆಟ್ ರ‍್ಯಾಂಕಿನ್ 1917ರಲ್ಲಿ ಯುದ್ಧದ ವಿರುದ್ಧ ಮತ ಹಾಕಿದಾಗ ಜೊತೆಗೆ ಇನ್ನೂ 49 ಮಂದಿ ಇದ್ದರು. ಪರ್ಲ್ ಹಾರ್ಬರ್ ದಾಳಿಯ ಮಾರನೆಯ ದಿನ ಮತ್ತೆ ಹಾಗೆಯೇ ಮತ ಹಾಕಿದಾಗ ಲೆಕ್ಕ 388ಕ್ಕೆ 1. ಸಿಟ್ಟಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ಆಕೆ ಟೆಲಿಫೋನ್ ಬೂತಿನೊಳಗೆ ಸೇರಿಕೊಂಡು ಪೊಲೀಸರನ್ನು ಕರೆಸಬೇಕಾಯಿತು. ಆ ದಿನದ ಮಟ್ಟಿಗೆ ಆಕೆಯದು ಸರಿ ಎನ್ನುವುದು ಕಷ್ಟ, ಆದರೆ ಮೇಲಿನವರ ಸಾಲಿಗೆ ಸೇರಿಸುವುದೂ ಕಷ್ಟ.

ಯುದ್ಧೋತ್ಸಾಹ ನಾಲಿಗೆಯಿಂದ ಹೊಟ್ಟೆಗೆ ಇಳಿದ ಪ್ರಸಂಗವೂ ಒಂದಿದೆ. ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲವೆಂದು 2003ರ ಮಾರ್ಚ್‌ನಲ್ಲಿ ಸಂಸದರ ಕ್ಯಾಂಟೀನಿನಲ್ಲಿ ‘ಫ್ರೆಂಚ್ ಫ್ರೈಸ್’ ಹೆಸರು ತೆಗೆದು ‘ಫ್ರೀಡಂ ಫ್ರೈಸ್’ ಎಂದು ಬೋರ್ಡ್ ಹಾಕಿದರು. ಆಲೂಗಡ್ಡೆ ಅದೇ, ಎಣ್ಣೆ ಅದೇ, ಮೂರು ವರ್ಷದ ಮೇಲೆ ಸದ್ದಿಲ್ಲದೆ ಹಳೆಯ ಹೆಸರೇ ವಾಪಸು ಬಂತು. ಇದಕ್ಕೆ ಓಡಾಡಿದವರಲ್ಲಿ ನಾರ್ತ್ ಕ್ಯಾರೊಲಿನಾದ ವಾಲ್ಟರ್ ಜೋನ್ಸ್ ಒಬ್ಬರು. ಜೋನ್ಸ್ ಆಮೇಲೆ ತಮ್ಮದು ತಪ್ಪಾಯಿತೆಂದು ಬಹಿರಂಗವಾಗಿ ಹೇಳಿ, ಸತ್ತ ಸೈನಿಕರ ಮನೆಗಳಿಗೆ ಸಾವಿರಾರು ಪತ್ರ ಬರೆದರು. ಅವರ ಸ್ವಂತ ಪಕ್ಷವೇ ಅವರನ್ನು ದೂರ ಇಟ್ಟಿತು. ತಜ್ಞರ ಲೋಕದಲ್ಲಿ ತಪ್ಪು ಮಾಡಿದ್ದಕ್ಕೆ ಶಿಕ್ಷೆಯಿಲ್ಲ, ಒಪ್ಪಿಕೊಂಡದ್ದಕ್ಕೆ ಉಂಟು.

ಜಾಣ ತಜ್ಞ ಒಪ್ಪಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ನುಗ್ಗೋಣ ಬಣದವನ ಉತ್ತರ: ಯುದ್ಧ ಸರಿಯೇ ಇತ್ತು, ನಡೆಸಿದ ರೀತಿ ಸರಿಯಿರಲಿಲ್ಲ, ಇನ್ನು ಆರು ತಿಂಗಳು ನೋಡಿ. ಇರಾಕಿನ ಬಗ್ಗೆ ಈ ‘ಮುಂದಿನ ಆರು ತಿಂಗಳು ನಿರ್ಣಾಯಕ’ ಎಂಬ ಧಾಟಿಯನ್ನು ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ ಥಾಮಸ್ ಫ್ರೀಡ್‌ಮನ್ ಎಷ್ಟು ಸಲ ಹಿಡಿದರೆಂದರೆ, ಅಮೆರಿಕದ ಗೇಲಿಗಾರರು ಆರು ತಿಂಗಳ ಅವಧಿಗೆ ‘ಒಂದು ಫ್ರೀಡ್‌ಮನ್’ ಎಂದೇ ಅಳತೆ ಕಟ್ಟಿದರು. ಬೆಂಗಳೂರಿಗೆ ಬಂದು ಇನ್ಫೋಸಿಸ್ ಆವರಣದಲ್ಲಿ ನಂದನ್ ನಿಲೇಕಣಿ ಅವರ ಮಾತು ಕೇಳಿ ಜಗತ್ತು ಚಪ್ಪಟೆಯಾಗಿದೆ ಎಂದು ಪುಸ್ತಕ ಬರೆದವರು ಇವರೇ.

ನಮಗ್ಯಾಕೆ ಬಣದವನ ಉತ್ತರ ಇನ್ನೂ ಚಿಕ್ಕದು: ನಮಗೆ ಗೊತ್ತೇ ಇರಲಿಲ್ಲ. ಸೊಮಾಲಿಯಾದ ಮೊಗದಿಶುವಿನಲ್ಲಿ 1993ರಲ್ಲಿ 18 ಅಮೆರಿಕನ್ ಸೈನಿಕರು ಸತ್ತ ಮೇಲೆ ಆಫ್ರಿಕಾ ನಮಗ್ಯಾಕೆ ಎಂಬ ಮಾತಿಗೆ ಬೆಲೆ ಬಂತು. ಮರುವರ್ಷ ರುವಾಂಡದಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದಾಗ ಆ ಬೆಲೆಯನ್ನು ರುವಾಂಡದವರು ತೆತ್ತರು. 1998ರಲ್ಲಿ ಕ್ಲಿಂಟನ್ ಕಿಗಾಲಿಗೆ ಹೋಗಿ ವಿಷಾದ ಹೇಳಿ ಬಂದರು, ವಿಮಾನ ನಿಲ್ದಾಣ ಬಿಟ್ಟು ಆಚೆ ಹೋಗದೆ.

ಕಡೆಯದಾಗಿ ಭೂಗೋಳ. ರಷ್ಯ ಕ್ರಿಮಿಯಾವನ್ನು ನುಂಗಿದ 2014ರಲ್ಲಿ ಮೂವರು ರಾಜ್ಯಶಾಸ್ತ್ರಜ್ಞರು 2,066 ಅಮೆರಿಕನ್ನರ ಮುಂದೆ ಭೂಪಟ ಇಟ್ಟು ಉಕ್ರೇನ್ ತೋರಿಸಿ ಎಂದರು. ಸರಿಯಾಗಿ ತೋರಿಸಿದವರು ಆರರಲ್ಲಿ ಒಬ್ಬರು. ಉಳಿದವರ ಬೆರಳು ಉಕ್ರೇನಿನಿಂದ ದೂರ ಹೋದಷ್ಟೂ ಅಲ್ಲಿಗೆ ಸೈನ್ಯ ಕಳಿಸಬೇಕೆಂಬ ಉತ್ಸಾಹ ಹೆಚ್ಚಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಂಸ್ಥೆ ಅಗ್ರಬಾದ ಮೇಲೆ ಬಾಂಬ್ ಹಾಕಬಹುದೇ ಎಂದು ಮತದಾರರನ್ನು ಕೇಳಿತು. ರಿಪಬ್ಲಿಕನ್ನರಲ್ಲಿ ಶೇ. 30 ಮಂದಿ ಹಾಕಿ ಎಂದರು, ಡೆಮಾಕ್ರಟರಲ್ಲಿ ಶೇ. 36 ಮಂದಿ ಕೂಡದು ಎಂದರು. ಅಗ್ರಬಾ ಇರುವುದು ಡಿಸ್ನಿಯವರ ಅಲ್ಲಾದ್ದೀನ್ ಕಾರ್ಟೂನಿನಲ್ಲಿ. ಗೊತ್ತಿಲ್ಲಪ್ಪಾ ಎಂದವರು ಎರಡೂ ಪಕ್ಷಗಳಲ್ಲಿ ಎಲ್ಲರಿಗಿಂತ ಹೆಚ್ಚಿದ್ದರು. ಅಂಥವರನ್ನು ಗೋಷ್ಠಿಗೆ ಕರೆಯುವ ಪದ್ಧತಿ ಇಲ್ಲ.